ಕೊನೆಯ ಪ್ಯಾರಾದಲ್ಲಿದ್ದ ಮಾತು

ಹೊಸದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ನಮ್ಮ ಕಡೆಯ ಕಲಾವಿದರ ಬಗ್ಗೆ ಬ್ಲಾಗ್ ಬರೆಯುತ್ತಿದ್ದೆ. ಚಿತ್ರದುರ್ಗದ ಗೆಳೆಯನೊಬ್ಬ ಅದನ್ನು ಎಷ್ಟು ಮಂದಿ ಓದಿದರೆಂಬ ಲೆಕ್ಕ ನೋಡಿ ಪ್ರತಿ ಸಲವೂ ಅದೇ ರಾಗ ಹಾಡುತ್ತಿದ್ದ: "ಲೇ, ನಾಕು ಪ್ಯಾರಾಕ್ಕೆ ಮುಗ್ಸು. ಮಂದಿ ಅರ್ಧ ನಿಮಿಷಾನೂ ನಿಲ್ಲಲ್ಲ." ನನಗೆ ಮೈ ಉರಿಯುತ್ತಿತ್ತು. ಒಬ್ಬ ಮನುಷ್ಯನ ಬಾಳನ್ನು ನಾಲ್ಕು ಪ್ಯಾರಾಕ್ಕೆ ಮಡಚಿಡಲು ಅದೇನು ಒಗೆದ ಟವೆಲ್ಲೇ? ಓದದವರು ಹಾಳಾಗಿ ಹೋಗಲಿ ಎಂದು ಉದ್ದಕ್ಕೇ ಬರೆಯುತ್ತಿದ್ದೆ.

ಶ್ರೀರಾಂಪುರದ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ ಬರೆದದ್ದು ಎಲ್ಲಕ್ಕಿಂತ ಉದ್ದ. ಊರೂರಿನ ನಾಟಕಗಳಿಗೆ ನುಡಿಸಿ ಮುಪ್ಪಾದವರು. ಶ್ವಾಸಕೋಶ ಕೆಟ್ಟು, ಡಾಕ್ಟರು ಕೈಚೆಲ್ಲಿದ್ದರು. ಅವರಿಗೆ ಉಳಿದಿದ್ದ ಆಸೆ ಒಂದೇ, ಹಿರಿಯೂರಿನಲ್ಲಿರುವ ತಮ್ಮನ ಮುಖ ನೋಡುವುದು. ಆ ತಮ್ಮನ ಮಗಳ ಮದುವೆ ಚಪ್ಪರದಲ್ಲಿ, ಬೀಗರ ಎದುರಿಗೇ, ಇವರು ಅವನನ್ನು ಬಾಯಿಗೆ ಬಂದಂತೆ ಬೈದಿದ್ದರು. ಅಂದಿನಿಂದ ಇವರ ದನಿಯಿರಲಿ, ಬೇರೆಯವರು ಇವರ ಮಾತೆತ್ತಿದರೂ ಅವನು ಫೋನ್ ಇಟ್ಟುಬಿಡುತ್ತಿದ್ದ. ಆದರೆ ನನ್ನ ಬ್ಲಾಗ್ ನೋಡುತ್ತಾನೆ ಎಂದು ಯಾರೋ ಹೇಳಿದ್ದರು.

"ನಂದು ತಪ್ಪಾತು, ಒಂದ್ಸಲ ಬಂದು ಹೋಗು ಅಂತ ಅದ್ರಾಗೆ ಹಾಕಪ್ಪ," ಎಂದರು ಮೇಷ್ಟ್ರು.

"ಮೊದ್ಲ ಸಾಲಿಗೇ ಹಾಕ್ತೀನಿ ಮೇಷ್ಟ್ರೇ."

"ಬ್ಯಾಡ. ಬಂದೋರು ಬಾಗ್ಲಾಗೇ ವಿಷಯ ಎತ್ತುತಾರೇನು? ಮಳೆ ಬೆಳೆ, ಮಕ್ಳು ಮರಿ ಎಲ್ಲಾ ಆಗಿ, ಎಲೆ ಅಡಿಕೆ ಹಾಕ್ಕಂಡ ಮ್ಯಾಲೆ ಎತ್ತಬೇಕು. ಕೊನೇಗೆ ಹಾಕು."

ನಮ್ಮ ಕಡೆ ಹೆಣ್ಣು ಕೇಳಲು ಹೋದವರೂ ಮಾಡುವುದು ಹಾಗೇ. ಕೊನೆಗೇ ಹಾಕಿದೆ. ಮೇಲೆ ಅವರದೊಂದು ದೊಡ್ಡ ಫೋಟೊ.

ಮರುದಿನ ಬೆಳಿಗ್ಗೆ ನೋಡಿದರೆ ಬರಹದ ಕೆಳಗೆಲ್ಲ 'ಓಂ ಶಾಂತಿ', 'ಭಾವಪೂರ್ಣ ಶ್ರದ್ಧಾಂಜಲಿ'. ಮುದುಕರ ಫೋಟೊ ಕೆಳಗೆ ಅಷ್ಟುದ್ದದ ಬರಹ ಕಂಡರೆ ಜನಕ್ಕೆ ಓದುವ ಕೆಲಸವೇ ಇಲ್ಲ, ಹೋದರು ಎಂದೇ ಲೆಕ್ಕ. ಒಬ್ಬನಾದರೂ ಎರಡನೆಯ ಪ್ಯಾರಾಕ್ಕೆ ಇಳಿದಿದ್ದರೆ ಕೇಳಿ. ಗೆಳೆಯ ಫೋನ್ ಮಾಡಿ, ನಿನ್ನ ಬ್ಲಾಗಿಗೆ ಇಷ್ಟು ಮಂದಿ ಯಾವತ್ತೂ ಬಂದಿರಲಿಲ್ಲ ಎಂದ. ಅವನ ನಾಲಗೆ ಬಿದ್ದುಹೋಗಲಿ ಎಂದುಕೊಂಡೆ.

ಶ್ರೀರಾಂಪುರಕ್ಕೆ ಓಡಿದೆ. ವಿಷಯ ಕೇಳಿ ಮೇಷ್ಟ್ರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನನ್ನ ತಮ್ಮ ಏನಾರ ಬರ್ದಾನೇನು ನೋಡು," ಎಂದರು.

ಬರೆದಿದ್ದ. 'ಓಂ ಶಾಂತಿ ಅಣ್ಣ' ಎಂದು, ಪಕ್ಕದಲ್ಲಿ ಕೈ ಮುಗಿದ ಚಿತ್ರ.

"ಹಂಗಾದ್ರೆ ಬರ್ತಾನೆ. ಎಂಥಾ ಹಗೆ ಇದ್ರೂ ಮಣ್ಣಿಗೆ ಬಂದೇ ಬರ್ತಾರೆ. ಅಲ್ಲೀತನಕ ಏನೂ ತಿದ್ದಬ್ಯಾಡ."

ನಮ್ಮಲ್ಲಿ ಹಾಗೆಯೇ. ವರ್ಷಗಟ್ಟಲೆ ಮಾತು ಬಿಟ್ಟವರೂ ಹೂಳುವ ಹೊತ್ತಿಗೆ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. ಮೇಷ್ಟ್ರು ಹೆಂಡತಿಯ ಹೆಗಲು ಹಿಡಿದು ಬಂದು ಜಗುಲಿಯಲ್ಲಿ ಕುಳಿತರು.

ಬಾಗೂರಿನ ನೆಂಟರು ಹಾರ ಹಿಡಿದು ಆಟೋದಲ್ಲಿ ಬಂದರು. ಸತ್ತವರೇ "ಬರ್ರಿ, ಕುಂತ್ಕಳ್ರಿ" ಎಂದಾಗ ಅವರಿಗೆ ಆ ಹಾರ ಎಲ್ಲಿಡಬೇಕೋ ತಿಳಿಯಲಿಲ್ಲ. ಟೀ ಕುಡಿದು ಹೊರಟರು. ಹಿರಿಯೂರಿನವರು ಬರುವ ಹೊಸದುರ್ಗದ ದಾರಿಯಿಂದ ಬಸ್ಸು ಬಂದಾಗಲೆಲ್ಲ ಮೇಷ್ಟ್ರು ಏದುಸಿರು ಬಿಡುತ್ತಲೇ ಕತ್ತು ಚಾಚುತ್ತಿದ್ದರು. ಸಂಜೆಯ ಕೊನೆಯ ಬಸ್ಸಿನಿಂದಲೂ ತಮ್ಮ ಇಳಿಯಲಿಲ್ಲ.

"ಮಣ್ಣಿಗೂ ಬರ್ಲಿಲ್ಲ," ಎಂದರು.

ನೀವು ಇನ್ನೂ ಬದುಕಿದ್ದೀರಿ, ತಪ್ಪಾಯಿತು ಎನ್ನುತ್ತಿದ್ದೀರಿ ಎಂದು ಎಲ್ಲಕ್ಕಿಂತ ಮೇಲೆ ಎರಡೇ ಸಾಲು ಹಾಕಿಬಿಡುತ್ತೇನೆ ಎಂದು ಫೋನ್ ತೆಗೆದೆ. ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು.

"ಬ್ಯಾಡ ಬಿಡಪ್ಪ. ಅಣ್ಣ ಅಂತ ಬರ್ದು ಕೈ ಮುಗ್ದಾನೆ. ನಾನು ಬದುಕಿದೀನಿ ಅಂತ ಗೊತ್ತಾದ್ರೆ ಅದನ್ನೂ ಅಳಿಸಿಬಿಡ್ತಾನೆ."