ಪಾದ್ರಿಗಳ ವಿಷದ ಚೀಟಿ

ಹೋದ ವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲು ಹೋದರೆ ಗೋಡೆಯ ಮೇಲೆ ಯಾರೋ ಜಾಹೀರಾತು ಅಂಟಿಸಿ ಹೋಗಿದ್ದರು. ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಬೈಯಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಆ ವಾಸನೆ ನಮ್ಮ ಪಾದ್ರಿಗಳದ್ದು...

ಬೆಳೆಗೆ ಹೊಡೆಯುವ ಕೀಟನಾಶಕ ಮಾರುವುದು ಹುನಗುಂದದಲ್ಲಿ ನಮ್ಮ ಮನೆತನದ ವ್ಯಾಪಾರ. ನಮ್ಮ ಅಬ್ಬಾ ತೀರಿಕೊಂಡ ಮೇಲೆ ಅಂಗಡಿಯಲ್ಲಿ ನಾನು ಕೂತೆ. ಹಿಂದಿನ ಖೋಲಿಯಲ್ಲಿ ನಿವೃತ್ತರಾದ ಪಾದ್ರಿಯೊಬ್ಬರು ಬಾಡಿಗೆಗಿದ್ದರು. ಹೀಬ್ರೂ, ಗ್ರೀಕ್ ಎರಡೂ ಬಲ್ಲವರು. ತಮ್ಮ ಧರ್ಮಗ್ರಂಥವನ್ನು ನಮ್ಮ ಕಡೆಯ ರೈತರಿಗೆ ತಿಳಿಯುವ ಕನ್ನಡಕ್ಕೆ ತರಬೇಕೆಂಬ ಹುಚ್ಚು ಅವರಿಗೆ. ವಿಷದ ಮಾತು ಬಂದ ಕಡೆಯಲ್ಲೆಲ್ಲ ಅವರ ಬಂಡಿ ಹೂತು ನಿಲ್ಲುತ್ತಿತ್ತು.

ಹೀಬ್ರೂವಿನಲ್ಲಿ 'ರೋಶ್' ಎಂಬುದೊಂದು ಕಹಿ ವಿಷದ ಗಿಡವಂತೆ. ಹೊಲದ ಸಾಲಿನಲ್ಲಿ ಹುಟ್ಟುತ್ತದೆ, ಯಾವ ಗಿಡವೆಂದು ಈಗ ಯಾರಿಗೂ ಖಚಿತವಿಲ್ಲ. ಹಾವಿನ ವಿಷಕ್ಕೆ 'ಹೇಮಾ', ಮೈ ಸುಡುವ ಸಿಟ್ಟಿಗೂ ಅದೇ ಮಾತು. ಗ್ರೀಕಿನ 'ಇಯೋಸ್' ನಾಲಿಗೆಯ ವಿಷಕ್ಕೂ ಬರುತ್ತದೆ, ಲೋಹ ತಿನ್ನುವ ತುಕ್ಕಿಗೂ ಬರುತ್ತದೆ. "ಇಷ್ಟಕ್ಕೂ ಸೇರಿ ವಿಷ ಅಂತ ಒಂದ ಮಾತು ಬರದ್ರ ಹೆಂಗೋ ತಮ್ಮಾ?" ಎಂದು ಕೊರಗುತ್ತಿದ್ದರು. ನನಗೆ ಒಳಗೊಳಗೇ ನಗು. ನಾನು ಡಬ್ಬಿಗಟ್ಟಲೆ ಮಾರುವ ಮಾಲಿಗೆ ಇವರು ಹೆಸರು ಹುಡುಕುತ್ತ ಸಣ್ಣಗಾಗುತ್ತಿದ್ದಾರಲ್ಲ ಎಂದು!

ದಿನಾ ಬೆಳಿಗ್ಗೆ ಸ್ಟೂಲು ಎಳೆದುಕೊಂಡು ಅಂಗಡಿಯಲ್ಲಿ ಕೂಡುವರು. ದನ ಮೂಸಿ ಬಿಡುವ ಗಿಡ ಯಾವುದು ಎಂದು ಬಂದ ಗಿರಾಕಿಗಳನ್ನೆಲ್ಲ ಕೇಳುವರು. ಒಬ್ಬ ದತ್ತೂರಿ ಎಂದ, ಇನ್ನೊಬ್ಬ ಎಕ್ಕಿ ಎಂದ. ರಾಮಥಾಳದ ರೈತನೊಬ್ಬ, "ಮಳಿ ಕಾಣದ ಎಳಿ ಜ್ವಾಳ ಮೇದ್ರೂ ದನ ಸಾಯ್ತಾವ್ರಿ. ಅದನ್ನ ನಾವ ಬಿತ್ತಿರ್ತೇವಿ" ಎಂದಾಗ ಪಾದ್ರಿಗಳು ಎದ್ದು ಅವನ ಎರಡೂ ಕೈ ಹಿಡಿದುಕೊಂಡರು. ಹೊಲದ ಸಾಲಿನಲ್ಲೇ ಹುಟ್ಟುವ ವಿಷವೊಂದು ಸಿಕ್ಕಿತೆಂದು ಅಷ್ಟು ಖುಷಿ ಅವರಿಗೆ.

ಆಗೆಲ್ಲ ಜನ ಮನೆಯಿಂದ ಖಾಲಿ ಬಾಟಲಿ ತಂದು ಬೇಕಾದಷ್ಟೇ ಹಾಕಿಸಿಕೊಂಡು ಹೋಗುತ್ತಿದ್ದರು. ಮಾಡಬಾರದ ಕೆಲಸ, ಆದರೂ ಮಾಡುತ್ತಿದ್ದೆ. ಪಾದ್ರಿಗಳಿಗೆ ಇದನ್ನು ಸಹಿಸಲಾಗಲಿಲ್ಲ. ಮೈದಾ ಕುದಿಸಿ ಅಂಟು ಮಾಡಿ, ತಲೆಬುರುಡೆಯ ಚಿತ್ರ ಬರೆದು, ಪ್ರತಿ ಬಾಟಲಿಗೂ ತಾವೇ ಚೀಟಿ ಹಚ್ಚತೊಡಗಿದರು. ಒಂದು ಚೀಟಿ ಒಣಗುವಷ್ಟರಲ್ಲಿ ಒಂದು ಪ್ರವಚನ ಮುಗಿಯುತ್ತಿತ್ತು.

ಒಂದು ಸಂತೆಯ ದಿನ ಅಂಟು ಮುಗಿದಿತ್ತು. "ನಾ ಬರೂತನಕ ಯಾರನ್ನೂ ಕಳಸಬ್ಯಾಡ" ಎಂದು ನನಗೆ ಹೇಳಿ ಒಳಗೆ ಹೋದರು. ಅಷ್ಟರಲ್ಲಿ ಗುಡೂರಿನ ಹೆಣ್ಣುಮಗಳೊಬ್ಬಳು ಬಂದಳು, ಕೈಯಲ್ಲಿ ಮಕ್ಕಳ ಕೆಮ್ಮಿನ ಔಷಧದ ಖಾಲಿ ಬಾಟಲಿ. ಅಂಗಡಿ ತುಂಬ ಜನ. ನಾನು ತುಂಬಿ ಕೊಟ್ಟು ಕಳಿಸಿಬಿಟ್ಟೆ. "ಪಾದ್ರಿಗಳ ಚೀಟಿ ಒಣಗೂತನಕ ಬಸ್ಸು ನಿಂದರತೈತೇನು?" ಎಂದು ಉಳಿದವರನ್ನು ನಗಿಸಿದೆ ಕೂಡ.

ಪಾದ್ರಿಗಳು ಹೊರಗೆ ಬಂದು ಕೇಳಿದರು. ಎಂಥ ಬಾಟಲಿ ಎಂದು ಹೇಳಿದೆ. ಅವರ ಮುಖ ಬಿಳಿಚಿತು. "ಗಾಡಿ ತಗಿ" ಎಂದರು, ಅಷ್ಟೇ.

ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಕೆಮ್ಮುವ ಮಗು ಯಾರ ಮನೆಯಲ್ಲಿದೆ ಎಂದು ಗುಡೂರಿನ ಓಣಿ ಓಣಿ ಕೇಳುತ್ತ ಹೋದೆವು. ಕೊನೆಗೆ ಸಿಕ್ಕಿತು. ಗೋಡೆಯ ಗೂಡಿನಲ್ಲಿ ನಾನು ತುಂಬಿಕೊಟ್ಟ ಬಾಟಲಿ, ಪಕ್ಕದಲ್ಲೇ ಅದೇ ಗಾತ್ರದ, ಅದೇ ಕಂಪನಿಯ ಬಾಟಲಿಯಲ್ಲಿ ಮಗುವಿನ ಔಷಧ. ಎರಡರ ನಡುವೆ ಒಂದು ಚಮಚ. ಪಾದ್ರಿಗಳು ವಿಷದ ಬಾಟಲಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಗು ಅಂಗಳದಲ್ಲಿ ಕೆಮ್ಮುತ್ತ ಆಡುತ್ತಿತ್ತು.

"ತಪ್ಪು ನಂದವ್ವಾ" ಎಂದರು ಪಾದ್ರಿಗಳು, ಏದುಸಿರು ಬಿಡುತ್ತ. "ಚೀಟಿ ಹಚ್ಚೂದು ನನ್ನ ಕೆಲಸ. ಮರ್ತೆ."

ನಾನು ಬಾಗಿಲಲ್ಲೇ ನಿಂತಿದ್ದೆ. ತಪ್ಪು ನನ್ನದೆನ್ನುವ ಬದಲು ಗಾಡಿ ತಿರುಗಿಸಲು ಹೋದೆ. ದಾರಿಯಲ್ಲಾದರೂ ಬೈಯುತ್ತಾರೆಂದು ಕಾದೆ. ಅವರು ದಾರಿಯುದ್ದಕ್ಕೂ ರೋಶ್ ಗಿಡದ ಮಾತಾಡಿದರು.

ಮುಂದೆ ಎರಡು ವರ್ಷಕ್ಕೆ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ತೀರಿಕೊಂಡರು. ಹಾಳೆಗಳ ಕಟ್ಟನ್ನು ಅವರ ತಮ್ಮ ಒಯ್ದ. ರೋಶ್ ಬಂದಲ್ಲಿ ಕೊನೆಗೆ ಏನು ಬರೆದರೋ... ಕೇಳಿಕೊಳ್ಳಲಿಲ್ಲ. ಆ ದಿನಕ್ಕಾಗಿ ಅವರ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಖೋಲಿಯ ತನಕ ಹೋಗಿದ್ದೆ. ಚಹಾ ಕುಡಿದು, ಅವರು ಹೇಳಿದ ನಾಲ್ಕು ಮಾತು ಕೇಳಿ, ಎದ್ದು ಬರುತ್ತಿದ್ದೆ. ಅಂಥ ಒಳ್ಳೆಯ ಮನುಷ್ಯನ ಎದುರು ಸಣ್ಣವನಾಗುವುದು ನನ್ನಿಂದ ಆಗಲಿಲ್ಲ.

ಮೊನ್ನೆ ಗುಡೂರಿನ ಆ ಹೆಣ್ಣುಮಗಳು ಅಂಗಡಿಗೆ ಬಂದಳು. ಜೊತೆಗೆ ಅಂದು ಅಂಗಳದಲ್ಲಿ ಕೆಮ್ಮುತ್ತಿದ್ದ ಮಗಳು, ಈಗ ತಾಯಿಗಿಂತ ಎತ್ತರ. "ಚೀಟಿ ಹಚ್ಚೂ ಅಜ್ಜಾರು ಎಲ್ಲ್ಯದಾರ್ರಿ?" ಎಂದಳು. ತೀರಿಕೊಂಡರು ಎಂದೆ. ಅವಳ ಕಣ್ಣು ತುಂಬಿದವು.

"ಮರವಿನ ಅಜ್ಜ, ಪಾಪ. ಆದ್ರೂ ನೆನಪಾದ ಕೂಡ್ಲೇ ಓಡಿ ಬಂದ್ರು ನೋಡ್ರಿ."

"ಅವರು ಮರ್ತಿರಲಿಲ್ಲವ್ವಾ" ಎಂದೆ. "ತಡಿ ಅಂತ ಹೇಳಿ ಹೋಗಿದ್ರು. ನಾನ ನಿನ್ನ ಕಳಸಿದ್ದೆ."

ಅವಳು ನನ್ನ ಮುಖ ನೋಡಿದಳು. ತೆಗೆದುಕೊಂಡಿದ್ದ ಡಬ್ಬಿಯನ್ನು ಅಲ್ಲೇ ಇಟ್ಟು, ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದಳು. ನಾನು ಕೂತಲ್ಲೇ ಕೂತೆ. ಪಾದ್ರಿಗಳು ಇದ್ದಿದ್ದರೆ ಈ ಸಲವೂ ನನಗಾಗಿ ಅವಳ ಹಿಂದೆ ಓಡುತ್ತಿದ್ದರು.