ಖಂಡೆಪೂಜೆಯ ಪಿಸ್ತೂಲು

ಹಳೆಯ ಪಿಸ್ತೂಲು ಕೊಳ್ಳುವವರು ಮೊದಲು ಅದರ ಹೊಳಪನ್ನು ನೋಡಬಾರದಂತೆ. ಇದನ್ನು ನನಗೆ ಹೇಳಿದವರು ಜೇವರ್ಗಿಯ ಒಬ್ಬ ಬಂಗಾರದ ವ್ಯಾಪಾರಿ. ಇಂಥ ಬುದ್ಧಿಮಾತನ್ನು ನನ್ನ ಮದುವೆಗೆ ಮುಂಚೆ ಯಾರಾದರೂ ಹೇಳಿದ್ದರೆ ಉಪಕಾರವಾಗುತ್ತಿತ್ತು. ಆದರೆ ಆಗ ನನ್ನನ್ನು ಯಾರೂ ಏನನ್ನೂ ನೋಡಲು ಬಿಟ್ಟಿರಲಿಲ್ಲ.

ಪಿಸ್ತೂಲು ನನ್ನ ಅಪ್ಪನದು. ಅಫಜಲಪುರ ತಾಲ್ಲೂಕಿನ ನಮ್ಮೂರಿನಲ್ಲಿ ಲೈಸೆನ್ಸಿನ ಪಿಸ್ತೂಲು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಳ್ಳರ ಭಯಕ್ಕೆಂದು ತಂದಿದ್ದರಂತೆ. ಕಳ್ಳರು ಯಾರೂ ಅದನ್ನು ನೋಡಲಿಲ್ಲ, ನೋಡಿದವರು ನಾವು. ಅಪ್ಪ ಊಟಕ್ಕೆ ಕೂತರೆ ತಾಟಿನ ಪಕ್ಕದಲ್ಲಿ ನೀರಿನ ತಂಬಿಗೆಯ ಜೊತೆ ಅದೂ ಕೂರುತ್ತಿತ್ತು. ನಾನು ಸಾಲೆಗೆ ಹೋಗುತ್ತಿದ್ದಾಗ ಒಮ್ಮೆ ಅವ್ವ ಹೇಳದೆ ತವರಿಗೆ ಹೋಗಿ ಬಂದಳೆಂದು ಅಂಗಳದ ಬೇವಿನ ಮರಕ್ಕೆ ಗುಂಡು ಹಾರಿಸಿದರು. ಆಮೇಲೆ ಹಾರಿಸುವ ಪ್ರಸಂಗವೇ ಬರಲಿಲ್ಲ. ತಾಟಿನ ಪಕ್ಕ ಇಟ್ಟರೆ ಸಾಕಿತ್ತು.

ಅವ್ವನ ಕೈಗೆ ಅದು ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆ, ಮಾನವಮಿಯ ಖಂಡೆಪೂಜೆಯಲ್ಲಿ, ಅಂದರೆ ಆಯುಧಪೂಜೆಯಲ್ಲಿ. ಕುಡಗೋಲು, ಕುರ್ಪಿ, ಕೊಡಲಿಗಳ ನಡುವೆ ದೇವರ ಜಗಲಿಯ ಮೇಲೆ ಅದನ್ನಿಟ್ಟು ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಕಾಯಿಯ ನೀರನ್ನು ಅದರ ಮೇಲೆ ಸುರಿದು, ಒದ್ದೆ ವಸ್ತ್ರ ಸುತ್ತಿ ಮರುದಿನ ಬೆಳಗಿನವರೆಗೆ ಬಿಡುತ್ತಿದ್ದಳು. ಅಪ್ಪನಿಗೆ ಹೆಂಡತಿಯ ಈ ಭಕ್ತಿ ಬಹಳ ಇಷ್ಟವಾಗಿತ್ತು. ಬೆಳಿಗ್ಗೆ ಮೇಲೆ ಮೇಲೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಆಳಂದದಲ್ಲಿ ಡಿಗ್ರಿ ಓದುವಾಗ ನರೋಣಾದ ಒಬ್ಬ ಹುಡುಗನ ಮೇಲೆ ನನ್ನ ಮನಸ್ಸು ಹೋಯಿತು. ಜಾತಿ ಬೇರೆ. ಜಾತಿಯಿಲ್ಲ ಎಂದ ಶರಣರ ವಚನಗಳೆಲ್ಲ ಬಾಯಿಪಾಠವಿದ್ದ ಅಪ್ಪ, ಸುದ್ದಿ ತಿಳಿದ ದಿನ ಪಿಸ್ತೂಲನ್ನು ತಮ್ಮ ತಾಟಿನ ಪಕ್ಕದಿಂದ ತೆಗೆದು ನನ್ನ ತಾಟಿನ ಪಕ್ಕ ಇಟ್ಟರು. ಅವ್ವ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಕಾಲು ಹಿಡಿದಳು.

“ಹೂಂ ಅನ್ನು ಬೇ. ಅವರು ಹೊಡದೇ ಬಿಡ್ತಾರ. ನಿನ್ನೂ ಬಿಡಂಗಿಲ್ಲ, ಆ ಹುಡುಗನ್ನೂ ಬಿಡಂಗಿಲ್ಲ.”

ನಾನು ಹೂಂ ಅಂದೆ. ಜೇವರ್ಗಿಗೆ ಕೊಟ್ಟರು. ಗಂಡ ಕೆಟ್ಟವನಲ್ಲ, ಉಪ್ಪಿಲ್ಲದ ಸಾರಿನಂಥವನು. ಉಂಡಿದ್ದೇನೆ, ಹೊಟ್ಟೆಯೂ ತುಂಬಿದೆ, ಒಂದು ದಿನವೂ ರುಚಿ ಹತ್ತಲಿಲ್ಲ.

ಈಚೆಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ನನ್ನ ತಮ್ಮ ಓಡಾಡಿ ಪಿಸ್ತೂಲು ಮಾರುವುದಕ್ಕೆ ಪರವಾನಗಿ ತಂದ. “ಅಕ್ಕಾ, ನಿಮ್ಮ ಕಡೆ ಯಾರರ ಲೈಸೆನ್ಸ್ ಇದ್ದೋರು ಅದಾರೇನು ನೋಡು” ಎಂದು ಫೋನು ಮಾಡಿದ. ನಾನೇ ಆ ಬಂಗಾರದ ವ್ಯಾಪಾರಿಯನ್ನು ಒಪ್ಪಿಸಿ ಊರಿಗೆ ಕರೆದುಕೊಂಡು ಹೋದೆ. ನನ್ನ ಆಸೆ ಒಂದೇ ಇತ್ತು, ಆ ಹಾಳಾದದ್ದು ನಮ್ಮ ಹೊಸ್ತಿಲು ದಾಟಿ ಹೋಗುವುದನ್ನು ಕಣ್ಣಾರೆ ನೋಡಬೇಕು.

ಪಡಸಾಲೆಯಲ್ಲಿ, ಅಪ್ಪನ ಮಂಚದ ಎದುರಿಗೇ ವ್ಯಾಪಾರಿ ಬಿಳಿ ಬಟ್ಟೆ ಹಾಸಿದರು. ಮೊದಲು ಗುಂಡಿನ ಡಬ್ಬಿ ಹೊರಗೆಳೆದು, ಒಳಗೆ ಗುಂಡು ಉಳಿದಿಲ್ಲವೆಂದು ಬೆರಳು ಹಾಕಿ ಖಾತ್ರಿ ಮಾಡಿಕೊಂಡರು. ಆಮೇಲೆ ಬಂಗಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು.

“ನಂಬರ್ ಎಲ್ಲಾ ಕಡೆ ಒಂದೇ ಅದಾವ. ಮಾಲು ಅಸಲಿ ಅದರಿ” ಎಂದರು. ತಮ್ಮನ ಮುಖ ಅರಳಿತು.

“ಏನ್ ಹೊಳಪದ ನೋಡ್ರಿ!” ಎಂದ ಅವನು.

“ಮ್ಯಾಲಿನ ಮೆರಗು ಬಿಡ್ರಿ. ಹಿತ್ತಾಳಿ ಬಳಿಗೂ ಮೆರಗು ಕೊಡ್ತೇವಿ ನಾವು.”

ನಳಿಗೆಯೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರು. ಗುಂಡು ತಿರುಗುತ್ತ ನೆಟ್ಟಗೆ ಹೋಗಲು ಒಳಗೆ ಸುತ್ತುಗೆರೆಗಳಿರಬೇಕಂತೆ. ಅವನ್ನು ಜಂಗು ತಿಂದಿತ್ತು, ಬರೀ ತುಕ್ಕು. ಡಬ್ಬಿಯ ತುಟಿ ಬಾಗಿತ್ತು. ಸ್ಪ್ರಿಂಗು ಒತ್ತಿದರೆ ಸೋಮಾರಿಯ ಹಾಗೆ ನಿಧಾನಕ್ಕೆ ಏಳುತ್ತಿತ್ತು. ಮೇಲಿನ ಭಾಗವನ್ನು ಬಿಚ್ಚಿ ಸಣ್ಣ ಕಡ್ಡಿಯಿಂದ ಕೆರೆದರು, ಬಟ್ಟೆಯ ಮೇಲೆ ಕೆಂಪು ಬಿಳಿ ಚಕ್ಕೆಗಳು ಉದುರಿದವು. ಮೂಸಿ ನೋಡಿ ನಕ್ಕರು.

“ಕುಂಕುಮ, ಈಬತ್ತಿ! ಇದೇನ್ ಪಿಸ್ತೂಲೋ, ದೇವರ ಗೂಡೋ?”

ಮತ್ತೆ ಜೋಡಿಸಿ, ಒಂದು ಪೆನ್ಸಿಲ್ ಕೇಳಿದರು. ಬಾಯಿ ಮೇಲೆ ಮಾಡಿ ಹಿಡಿದು ಪೆನ್ಸಿಲನ್ನು ನಳಿಗೆಯೊಳಗೆ ಇಳಿಬಿಟ್ಟರು. ಕುದುರೆ, ಅಂದರೆ ಟ್ರಿಗರ್, ಒತ್ತಿದಾಗ ಒಳಗಿನ ಪಿನ್ನು ಹೊಡೆದರೆ ಪೆನ್ಸಿಲು ಮೇಲೆ ಚಿಮ್ಮಬೇಕು, ಆ ಪಿನ್ನೇ ಗುಂಡಿಗೂ ಹೊಡೆಯುವುದು ಎಂದು ವಿವರಿಸಿ ಒತ್ತಿದರು. ಟಕ್ ಎಂದಿತು. ಪೆನ್ಸಿಲ್ ಅಲುಗಲಿಲ್ಲ. ಮತ್ತೆ ಒತ್ತಿದರು. ಅಲುಗಲಿಲ್ಲ.

“ಪಿನ್ನು ಜಂಗು ಹಿಡದು ಅದರ ತೂತಿನ್ಯಾಗೇ ಕಚ್ಚಿ ಕುಂತದರಿ. ಇದು ಸತ್ತು ಭಾಳ ವರ್ಷ ಆಗ್ಯಾವ. ನನಗ ಬ್ಯಾಡ್ರಿ.”

ತಮ್ಮ ಅವರೊಡನೆ ವಾದಕ್ಕೆ ನಿಂತ. ಮಂಚದ ಮೇಲೆ ಅಪ್ಪನ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅವರ ಕಣ್ಣು ಪಿಸ್ತೂಲಿನ ಮೇಲಿರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಮೇಲಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ನಾನೂ ಹಿಂದೆ ಹೋದೆ.

“ಬೇಕಂತಲೇ ಮಾಡಿದಿಯೇನವ್ವಾ?”

“ಹೂಂ. ಒಮ್ಮೆ ಪೂಜಾದಾಗ ಕುಡಗೋಲಿಗೆ ಟೆಂಗಿನ ನೀರು ಬಿದ್ದು ಜಂಗು ತಿಂದಿತ್ತು. ಬೇವಿನ ಗಿಡಕ್ಕ ಹೊಡದ್ರಲ್ಲ, ಆ ವರ್ಷದಿಂದ ಇದರ ಬಾಯಾಗೂ ಸುರದೆ.”

ಆ ಕ್ಷಣ ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಇಷ್ಟು ವರ್ಷ ತಲೆ ತಗ್ಗಿಸಿಕೊಂಡೇ ಇದ್ದ ಹೆಂಗಸು ಆ ಯಮನನ್ನು ದೇವರ ಮುಂದೆಯೇ ಕೊಂದಿದ್ದಳು! ಆದರೆ ಬಾಯಲ್ಲಿ ಇನ್ನೊಂದು ಪ್ರಶ್ನೆ ಬಂದುಬಿಟ್ಟಿತ್ತು.

“ಅದು ಸತ್ತದ ಅಂತ ನಿನಗ ಯಾವಾಗ ಗೊತ್ತಾತು?”

ಅವ್ವ ಹಿಟ್ಟಿನ ಮುದ್ದೆ ತಟ್ಟಿದಳು. “ಫೌಜಿನಾಗಿದ್ದ ನಿಮ್ಮ ಮಾವ ರಜಾಕ್ಕ ಬಂದಾಗ ಬಿಚ್ಚಿ ನೋಡಿದ್ದ. ಅಕ್ಕಾ, ಇನ್ನ ಇದು ಹಾರಂಗಿಲ್ಲ ಅಂದಿದ್ದ.”

ಸೋದರಮಾವ ತೀರಿಕೊಂಡದ್ದು ನಾನು ಡಿಗ್ರಿಗೆ ಸೇರುವ ಮುಂಚೆ.

“ಅಂದ್ರ ಅವತ್ತು, ನನ್ನ ತಾಟಿನ ಬಾಜೂಕ ಇಟ್ಟಾಗ, ನಿನಗ ಗೊತ್ತಿತ್ತು. ಮತ್ತ ಹೊಡದೇ ಬಿಡ್ತಾರ ಅಂತ ನನ್ನ ಕಾಲು ಯಾಕ ಹಿಡದಿ?”

ಅವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು. ನನ್ನ ಮುಖ ನೋಡಲಿಲ್ಲ.

“ನೀ ಹೋಗಾಕಿ ಇದ್ದಿ ಬೇ. ನಾ ಇಲ್ಲೇ ಇರಾಕಿ.”

ಅವಳು ಹೇಳಿದ್ದು ಸುಳ್ಳಲ್ಲ. ನಾನು ನರೋಣಾದ ಹುಡುಗನ ಜೊತೆ ಹೋಗಿದ್ದರೆ ಅಪ್ಪನ ಸಿಟ್ಟು ಅವ್ವನ ಮೇಲೆ ತಿರುಗಲು ಪಿಸ್ತೂಲೇ ಬೇಕಿರಲಿಲ್ಲ, ಕೈಗಳಿದ್ದವು, ಆಗ ಎರಡೂ ಗಟ್ಟಿಯಾಗಿದ್ದವು. ಇದೆಲ್ಲ ನನಗೆ ಅರ್ಥವಾಗುತ್ತದೆ. ಅರ್ಥವಾದರೆ ಹೊಟ್ಟೆಯ ಉರಿ ಆರುತ್ತದೆ ಎಂದು ಯಾರು ಹೇಳಿದರು? ಅಪ್ಪ ತನ್ನ ಪಿಸ್ತೂಲು ಹಾರುತ್ತದೆಂದು ನಂಬಿ ಹೆದರಿಸಿದ ಮನುಷ್ಯ. ಅದು ಹಾರುವುದಿಲ್ಲವೆಂದು ಗೊತ್ತಿದ್ದೂ ಹೆದರಿಸಿದವಳು ಅವ್ವ.

ಜೇವರ್ಗಿಯ ಬಸ್ಸಿಗೆ ಹೊತ್ತಾಗಿತ್ತು. ಅವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಾಗಿಲವರೆಗೆ ಬಂದಳು. ನಾನು ಅದನ್ನು ತೆಗೆದುಕೊಳ್ಳದೆ ಬಂದೆ.