ಮೂರು ಗೀರಿನ ತಿರುಪು

ಹೋದ ವಾರ ಅವ್ವ ಸಾರಿನ ಪಾತ್ರೆಯ ಮುಚ್ಚಳಕ್ಕೆ ಹೊಸ ಹಿಡಿ ಹಾಕಿದಳು. ಹಳೆಯದು ಮುರಿದು ತಿಂಗಳಾಗಿತ್ತು. ‘ನಾಳೆ ತಂದ್ಕೊಡ್ತೀನಿ’ ಎಂದು ನಾನು ಹೇಳಿಯೂ ತಿಂಗಳಾಗಿತ್ತು. ನನ್ನ ಹಳೇ ಪೆಟ್ಟಿಗೆಯಲ್ಲಿ ಕೆಂಪಗೆ, ದುಂಡಗೆ, ನಡುವೆ ತೂತಿದ್ದ ಮರದ ತುಂಡೊಂದು ಅವಳ ಕೈಗೆ ಸಿಕ್ಕಿದೆ. ಒಂದು ಸ್ಕ್ರೂ ಹಾಕಿ ಬಿಗಿದೇಬಿಟ್ಟಿದ್ದಾಳೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸಾರು ಕೊತಕೊತ ಕುದಿಯುತ್ತಿತ್ತು. ಬೆಳ್ಳುಳ್ಳಿ ಒಗ್ಗರಣೆಯ ಜೊತೆಗೆ ಇನ್ನೊಂದು ವಾಸನೆ ಮನೆಯೆಲ್ಲ ತುಂಬಿತ್ತು... ಬಿಸಿ ಅರಗಿನ ವಾಸನೆ.

ಚನ್ನಪಟ್ಟಣದಲ್ಲಿ ಹುಟ್ಟಿದವನಿಗೆ ಅರಗಿನ ವಾಸನೆ ಹೊಸದೇನಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಅದು ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ, ತಾಳೆ ಗರಿ ಹಿಡಿದು ಉಜ್ಜಿದರೆ ಫಳಫಳ ಹೊಳೆಯುತ್ತದೆ. ನಮ್ಮ ಬೀದಿಯಲ್ಲಿ ಎರಡು ಮನೆಗೊಂದು ಮನೆಯವರು ಇದೇ ವಾಸನೆ ಹೊತ್ತುಕೊಂಡು ಊಟಕ್ಕೆ ಬರುತ್ತಿದ್ದರು. ಮಿಕ್ಕವರಿಗೆ ಅದು ಬೊಂಬೆಯ ವಾಸನೆ. ನನಗೆ ಮಾತ್ರ ಅದು ರೇಡಿಯೊದ ವಾಸನೆ, ಪಕ್ಕದ ಮನೆಯ ಮಾವನ ವಾಸನೆ.

ಮಾವ ಎಂದರೆ ರಕ್ತಸಂಬಂಧವೇನೂ ಅಲ್ಲ. ಎರಡು ಮನೆಗೂ ಗೋಡೆ ಒಂದೇ, ಅಷ್ಟೇ ಸಂಬಂಧ. ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತೇ ತಲೆ ನೆರೆಸಿಕೊಂಡವರು. ಹೆಂಡತಿ ತೀರಿಕೊಂಡ ಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು. ಮೊದಲು ಬಣ್ಣ ಹೋಯಿತು, ಹಳದಿ ಹಾಕಬೇಕಾದಲ್ಲಿ ಕಿತ್ತಳೆ ಹಾಕಿಬಿಟ್ಟರು. ಆಮೇಲೆ ಅಂಚು ಹೋಯಿತು. ಕೊನೆಗೆ ಬಾಗಿಲಲ್ಲಿ ನಿಂತವರನ್ನು ಯಾರೆಂದು ಕೇಳುವಂತಾಯಿತು.

ಇಂಥ ಅವಕಾಶವನ್ನು ನಾನು ಬಿಡುತ್ತೇನೆಯೇ? ನಾನು ಆಗ ಬೀದಿಯ ಮಿಮಿಕ್ರಿ ಕಲಾವಿದ. ಸನ್ಮಾನ ಯಾರೂ ಮಾಡಿರಲಿಲ್ಲ, ಒಂದೆರಡು ಸಲ ಪೊರಕೆ ತೋರಿಸಿದ್ದರು. ಒಂದು ದಿನ ಪೋಸ್ಟ್‌ಮ್ಯಾನ್ ಆಗಿ, ಇನ್ನೊಂದು ದಿನ ರೇಷ್ಮೆ ಗೂಡಿನ ದಲ್ಲಾಳಿಯಾಗಿ ಮಾವನ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ.

“ಲೇ, ಊರೋರ್ ದನೀನೆಲ್ಲಾ ಮಾಡ್ತೀಯ. ಆ ಚಪ್ಪಲಿ ಎಳ್ಕೊಂಡ್ ಬರೋದು ಮಾತ್ರ ನಿಂದೇ ಕಣ್ಲಾ. ಒಳೀಕ್ ಬಾ,” ಎನ್ನುತ್ತಿದ್ದರು.

ಅವರ ಹತ್ತಿರ ಕೈಯಗಲದ ಒಂದು ಹಳೆಯ ರೇಡಿಯೊ ಇತ್ತು. ಸ್ಟೇಷನ್ ಹುಡುಕುವ ಅದರ ತಿರುಪು ಅರ್ಧ ಸುತ್ತು ಮಾತ್ರ ತಿರುಗುತ್ತಿತ್ತು. ಆ ಅರ್ಧ ಸುತ್ತಿನಲ್ಲೇ ಎಲ್ಲ ಸ್ಟೇಷನ್ನೂ. ಕಂಪನಿಯ ಪ್ಲಾಸ್ಟಿಕ್ ತಿರುಪು ಒಡೆದಾಗ ಮಾವ ಲೇತಿನಲ್ಲಿ ತಾವೇ ಒಂದನ್ನು ಕಡೆದುಕೊಂಡರು. ಹಾಲೆ ಮರ, ಮೇಲೆ ಕೆಂಪು ಅರಗು. ಕಾರ್ಖಾನೆ ಬಿಡುವ ಮುಂಚೆ ಅವರು ಮಾಡಿದ ಕೊನೆಯ ಕೆಲಸ ಅದು. ಅದರ ಅಂಚಿನಲ್ಲಿ ಉಳಿಯಿಂದ ಗೀರು ಹಾಕಿದ್ದರು. ಒಂದು ಗೀರು ಹೆಬ್ಬೆರಳಿಗೆ ಸಿಕ್ಕರೆ ಬೆಂಗಳೂರು, ಜೋಡಿ ಗೀರು ಸಿಕ್ಕರೆ ಭದ್ರಾವತಿ, ಮೂರು ಸಿಕ್ಕರೆ ಮದರಾಸು. ನಡುವಿನ ಜಾಗದಲ್ಲಿ ಬರೀ ಗೊರಗೊರ. ಆ ಗೊರಗೊರವನ್ನೂ ಅವರು ಸುಮ್ಮನೆ ದಾಟುತ್ತಿರಲಿಲ್ಲ. ‘ಮಾಗಡಿ ಕಡೆ ಮಿಂಚ್ತಾ ಐತೆ’ ಎನ್ನುವರು, ‘ಪಕ್ಕದ ಬೀದೀಲಿ ಯಾರೋ ಮಿಕ್ಸಿ ಹಾಕುದ್ರು’ ಎನ್ನುವರು. ಬೆಳಗಿನ ವಾರ್ತೆಗೆ ಒಂದು ಗೀರು, ಮಧ್ಯಾಹ್ನದ ಹಾಡಿಗೆ ಜೋಡಿ ಗೀರು. ಭಾಷೆ ಬರದಿದ್ದರೂ ಸಂಜೆ ಮದರಾಸಿಗೆ ಒಂದು ಸುತ್ತು ಹೋಗಿ ಬರುವರು.

ಒಮ್ಮೆ ಕೇಳಿದ್ದೆ, “ತಮಿಳು ಏನ್ ಗೊತ್ತಾಯ್ತದೆ ಮಾವ ನಿಂಗೆ?”

“ಏನೂ ಗೊತ್ತಾಗಕಿಲ್ಲ. ಹೋಗ್ಬೇಕು ಅನ್ನುಸ್ತು, ಹೋದೆ. ಉಚ್ಚೆಗ್ ಹೋಗ್ಬೇಕಾದ್ರೂ ನಿಮ್ಮವ್ವನ್ನ ಕೂಗ್ತೀನಿ ಕಣ್ಲಾ. ಯಾರ್ನೂ ಕೇಳ್ದಂಗೆ ನಾನೊಬ್ನೇ ಮಾಡೋ ಕೆಲ್ಸ ಇದೊಂದೇ ಉಳ್ದಿರೋದು.”

ಆ ಮಾತಿಗೂ ನಾನು ನಕ್ಕಿದ್ದೆ. ಹೊರಗೆ ಬಂದು ಗೆಳೆಯರ ಮುಂದೆ ಅದೇ ಮಾತನ್ನು ಮಾವನದೇ ದನಿಯಲ್ಲಿ ಹೇಳಿ ಅವರನ್ನೂ ನಗಿಸಿದ್ದೆ.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ಕಾಲ ಅದು. ನನ್ನಂಥವನಿಗೂ ಒಂದು ಸಮವಸ್ತ್ರ, ಕೊರಳಿಗೊಂದು ಕಾರ್ಡು ಸಿಕ್ಕಿತು. ಕಾರ್ಡು ಕೊರಳಿಗೆ ಬಿದ್ದ ಕೂಡಲೇ ಊರನ್ನು ಉದ್ಧಾರ ಮಾಡುವ ಹುಮ್ಮಸ್ಸು ಬಂತು. ಹೆದ್ದಾರಿ ಬದಿಯ ಅಂಗಡಿಯೊಂದರಲ್ಲಿ ‘ಹಳೆಯದು ಕೊಡಿ, ಹೊಸದು ಒಯ್ಯಿರಿ’ ಎಂದು ಬಟ್ಟೆ ಕಟ್ಟಿದ್ದರು. ಹೊಸ ಡಿಜಿಟಲ್ ರೇಡಿಯೊಗಳನ್ನು ಸಾಲಾಗಿ ಜೋಡಿಸಿದ್ದರು. ನೀಲಿ ದೀಪದಲ್ಲಿ ಅಂಕಿಗಳು ಹೊಳೆಯುತ್ತಿದ್ದವು. ಬಟನ್ ಒತ್ತಿದರೆ ಅದೇ ಸ್ಟೇಷನ್ ಹುಡುಕಿಕೊಳ್ಳುತ್ತಿತ್ತು. ಮಾವ ಆಸ್ಪತ್ರೆಗೆ ಹೋಗಿದ್ದ ದಿನ, ಅವರನ್ನು ಬೆರಗುಗೊಳಿಸಬೇಕೆಂದು, ಹಳೇ ರೇಡಿಯೊವನ್ನು ಚೀಲಕ್ಕೆ ಹಾಕಿಕೊಂಡು ಹೋದೆ.

ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಒರಿಜಿನಲ್ ಅಲ್ಲ,” ಎಂದು ಕೆಂಪು ತಿರುಪನ್ನು ಕಿತ್ತು ನನ್ನ ಕೈಗೆ ಕೊಟ್ಟ. ನಾನು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ರೇಡಿಯೊ ಹೋಗಿ ಮೂಲೆಯ ರಾಶಿಗೆ ಬಿತ್ತು.

ಕಣ್ಣು ಕಾಣದವರಿಗೆ ನೀಲಿ ದೀಪದ ಅಂಕಿ ತಂದುಕೊಟ್ಟ ಮೇಧಾವಿ ನಾನು. ಇದನ್ನು ಯಾರ ದನಿಯಲ್ಲಿ ಹೇಳಿದರೂ ನಗು ಬರುವುದಿಲ್ಲ.

ಮಾವ ಹೊಸ ರೇಡಿಯೊವನ್ನು ಎರಡೂ ಕೈಯಲ್ಲಿ ಹಿಡಿದು ಸವರಿದರು. ಮುಂಭಾಗವೆಲ್ಲ ಗಾಜಿನಂತೆ ನುಣುಪು. ಕೆಳಗೆ ಒಂದೇ ಅಳತೆಯ ಎಂಟು ಬಟನ್‌ಗಳು. ಒಂದನ್ನು ಒತ್ತಿದರು, ಹಾಡು ನಿಂತಿತು. ಇನ್ನೊಂದನ್ನು ಒತ್ತಿದರು, ಯಾರೋ ಸೋಪಿನ ಜಾಹೀರಾತು ಕೂಗಿದರು. ಮತ್ತೊಂದನ್ನು ಒತ್ತಿದರು, ಏನೂ ಇಲ್ಲ. ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹಾರುವಾಗ ಅದು ಗೊರಗೊರ ಎನ್ನುತ್ತಿರಲಿಲ್ಲ, ಪೂರ್ತಿ ಮೌನ.

“ಈಗ ಎಲ್ಲಿವ್ನಿ ನಾನು?” ಎಂದರು ಮಾವ.

ನಾನು ಅಂಕಿ ಓದಿ ಹೇಳಿದೆ.

“ಅಂಕಿ ಬುಡ್ಲಾ. ಬೆಂಗ್ಳೂರ್ ದಾಟುದ್ನಾ? ಇನ್ನೂ ಈಚೇಲೇ ಇವ್ನಾ?”

ನನಗೇ ಗೊತ್ತಿರಲಿಲ್ಲ. ಅವರ ಹೆಬ್ಬೆರಳು ಗಾಜಿನ ಮೇಲೆ ಗೀರು ಹುಡುಕುತ್ತಾ ಅತ್ತಿಂದಿತ್ತ ಓಡಾಡುತ್ತಿತ್ತು...

ಎಂಟು ದಿನ ಹೇಳಿಕೊಟ್ಟೆ. ಮೂರನೆಯದು ಇದಕ್ಕೆ, ಐದನೆಯದು ಅದಕ್ಕೆ ಎಂದು. ಒಂದು ಬಟನ್ ತಪ್ಪಿದರೆ ಎಲ್ಲ ತಪ್ಪುತ್ತಿತ್ತು. ಒಂಬತ್ತನೆಯ ದಿನ ಮಾವ ತೀರಾ ಮೆತ್ತಗೆ ಕೇಳಿದರು, “ಹಳೇದ್ನ ಈಸ್ಕೊಂಡ್ ಬಂದ್ಬುಡು ಮಗ. ಕೈ ಮುಗೀತೀನಿ.” ಹುಟ್ಟಿದಾಗಿನಿಂದ ನನಗೆ ಬೈದುಕೊಂಡೇ ಬಂದವರು ಅವರು. ಕೈ ಮುಗಿಯುತ್ತೇನೆ ಎಂದದ್ದು ಅದೇ ಮೊದಲು.

ಅಂಗಡಿಯವನು, ಲೋಡು ರಾಮನಗರದ ಗುಜರಿಗೆ ಹೋಯಿತು ಎಂದ. ಭಾನುವಾರ ಅಲ್ಲಿಗೆ ಓಡಿದೆ. ಟಾರ್ಪಾಲಿನ ಕೆಳಗೆ ನೂರಾರು ರೇಡಿಯೊಗಳು, ಬೆನ್ನು ಬಿಚ್ಚಿಕೊಂಡು, ತಂತಿ ಚೆಲ್ಲಿಕೊಂಡು ಬಿದ್ದಿದ್ದವು. ಅದೇ ಅಳತೆಯವು, ಅದೇ ಕಪ್ಪಿನವು ಎಷ್ಟೋ. ಸಂಜೆಯವರೆಗೆ ಒಂದೊಂದನ್ನೇ ಎತ್ತಿ ನೋಡಿದೆ. ನನಗೆ ಅದರ ಗುರುತು ಎಂದರೆ ಆ ಕೆಂಪು ತಿರುಪು ಒಂದೇ. ತಿರುಪು ನನ್ನ ಜೇಬಿನಲ್ಲಿತ್ತು.

ಬರಿಗೈಯಲ್ಲಿ ಬಂದು ತಿರುಪನ್ನು ಅವರ ಅಂಗೈಗೆ ಇಟ್ಟೆ. ಮಾವ ಅದನ್ನು ಎಡಗೈ ಬೆರಳುಗಳಲ್ಲಿ ಹಿಡಿದು ಬಲಗೈಯಿಂದ ಗಾಳಿಯಲ್ಲೇ ತಿರುಗಿಸಿದರು. ಹೆಬ್ಬೆರಳು ಒಂಟಿ ಗೀರಿನ ಮೇಲೆ ನಿಂತಿತು. ನನಗೇನು ಅನ್ನಿಸಿತೋ, ಗಂಟಲು ಸರಿಮಾಡಿಕೊಂಡು ಬೆಂಗಳೂರಿನ ವಾರ್ತೆ ಶುರು ಮಾಡಿದೆ. ಮಾವ ತಿರುಗಿಸಿದರು. ಗೊರಗೊರ ಅಂದೆ. ಜೋಡಿ ಗೀರು ಬಂದಾಗ ಭದ್ರಾವತಿಯ ಹಾಡು, ಮೂರು ಗೀರಿಗೆ ನನಗೆ ಗೊತ್ತಿದ್ದ ನಾಲ್ಕು ತಮಿಳು ಮಾತು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡಿಲ್ಲ. ಮಾವ ನಕ್ಕರು ಕೂಡ. ಎರಡು ಸಲ ಬೆಂಗಳೂರಿಂದ ಮದರಾಸಿಗೆ ಹೋಗಿ ಬಂದರು. ಮೂರನೇ ಸಲ ನಡುದಾರಿಯಲ್ಲಿ ಕೈ ನಿಂತಿತು.

“ಸಾಕು ಬುಡ್ಲಾ. ಎಲ್ ಹೋದ್ರೂ ನೀನೇ ಇದೀಯ.”

ತಿರುಪನ್ನು ನನಗೇ ವಾಪಸು ಕೊಟ್ಟರು.

ಆಮೇಲೆ ಹೊಸ ರೇಡಿಯೊದ ತಂಟೆಗೆ ಅವರು ಹೋಗಲಿಲ್ಲ. ಅವ್ವ ಬೆಳಿಗ್ಗೆ ತಿಂಡಿ ಕೊಡಲು ಹೋದಾಗ ಒಂದು ಬಟನ್ ಒತ್ತಿ ಬರುವಳು. ಸಿಕ್ಕಿದ್ದು ಸಿಕ್ಕಿತು. ಬಹಳ ದಿನ ಸಿಕ್ಕಿದ್ದು ಬೆಂಗಳೂರಿನ ಒಂದು ಎಫ್‌ಎಂ. ಅದರಲ್ಲಿ ಒಬ್ಬ ಹುಡುಗ ಉಸಿರು ಬಿಡದೆ ಮಾತಾಡುತ್ತಿದ್ದ, ತನ್ನ ಜೋಕಿಗೆ ತಾನೇ ಕಿಸಕಿಸ ನಗುತ್ತಿದ್ದ. ಅಷ್ಟರಲ್ಲಿ ಮಾವನ ಕಾಲಿನ ಹುಣ್ಣು ಏರಿ, ಅವರು ಹಾಸಿಗೆ ಹಿಡಿದಿದ್ದರು. ಗೋಡೆಯಾಚೆ ದಿನವಿಡೀ ಆ ನಗು. ನನಗೋ ಒಳಗೊಳಗೇ ಸಮಾಧಾನ. ಮಾವನಿಗೆ ಹೊಸದು ಒಗ್ಗಿತು ಅಂದುಕೊಂಡೆ. ಆ ಹುಡುಗನ ದನಿಯನ್ನೂ ಕಲಿತೆ.

ಒಂದು ಮಧ್ಯಾಹ್ನ, ಶಿಫ್ಟು ಮುಗಿಸಿ ಬಂದು ಮಲಗಿದ್ದೆ. ಗೋಡೆಯಾಚೆಯಿಂದ ಮಾವ “ಲೇ...” ಎಂದರು. ನಾನು ಎಫ್‌ಎಂ ಹುಡುಗನಾದೆ. “ಹಲೋ ಹಲೋ, ಮಾವ ಅವರೇ, ಯಾವ ಹಾಡು ಬೇಕು?” ಎಂದು ಕೂಗಿದೆ. ಒಸಿ ಹೊತ್ತು ಬಿಟ್ಟು ಮತ್ತೆ “ಲೇ...” ಎಂದರು. ನಾನು ಕಿಸಕಿಸ ನಕ್ಕೆ, ಥೇಟ್ ಅವನ ಹಾಗೇ. ಮೂರನೇ ಸಲ ದನಿ ಸಣ್ಣಗಿತ್ತು. ಅದಕ್ಕೂ ಒಂದು ಜಾಹೀರಾತು ಹಾಡಿ ಮಗ್ಗುಲಾದೆ.

ಸಂಜೆ ಅವ್ವ ಅವರಿಗೆ ಗಂಜಿ ಕುಡಿಸಿ ಬಂದಳು. “ಅದೇನ್ಲಾ, ಅವ್ರು ಅಷ್ಟ್ ಕೂಗುದ್ರೂ ಹೋಗ್ನಿಲ್ವಂತೆ? ಆ ರೇಡಿಯೊನ ಒಸಿ ಆರ್ಸು ಅನ್ನಕ್ಕೆ ಕೂಗುದ್ರಂತೆ. ತಲೆ ಸಿಡೀತಿತ್ತಂತೆ ಪಾಪ.”

“ಕೇಳುಸ್ನಿಲ್ಲ ಕಣವ್ವ,” ಎಂದೆ.

ಮರುದಿನ ಬೆಳಿಗ್ಗೆ ಅವ್ವ ತಿಂಡಿ ತೆಗೆದುಕೊಂಡು ಹೋದಾಗ ಮಾವನ ಜೀವ ಹೋಗಿತ್ತು. ಬಲಗೈ ಹಾಸಿಗೆಯಿಂದಾಚೆ ಚಾಚಿತ್ತು. ಹೆಬ್ಬೆರಳೂ ತೋರುಬೆರಳೂ ಏನನ್ನೋ ಹಿಡಿದಂತೆ ಮಡಚಿಕೊಂಡಿದ್ದವು... ನನಗೆ ಹಾಗೆ ಕಂಡಿತೋ, ನಿಜವಾಗಿ ಹಾಗಿತ್ತೋ.

ಹೋದ ವಾರ ಆ ಅರಗಿನ ವಾಸನೆಗೆ ಒಲೆಯ ಬಳಿಗೆ ಓಡಿ, ಮುಚ್ಚಳವನ್ನು ಪಾತ್ರೆಯಿಂದ ಎತ್ತಿ ನೀರಿಗೆ ಹಿಡಿದೆ. “ಏನಾಯ್ತ್ಲಾ? ಚೆನ್ನಾಗೈತಲ್ಲ ಹಿಡಿ,” ಎಂದಳು ಅವ್ವ. ರೇಡಿಯೊದಿಂದ ಕಳಚಿದ್ದ ಅದರ ಗುರುತು ಅವಳಿಗೆ ಹತ್ತಿರಲಿಲ್ಲ, ಅದು ನನ್ನ ಪೆಟ್ಟಿಗೆಯಲ್ಲಿದೆ ಎಂದು ನಾನೂ ಹೇಳಿರಲಿಲ್ಲ. ಸ್ಕ್ರೂ ಬಿಚ್ಚಿ ತಿರುಪನ್ನು ಕೈಗೆ ತೆಗೆದುಕೊಂಡೆ. ಕೆಂಪು ಅರಗು ಕರಗಿ, ಇಳಿದು, ಮತ್ತೆ ಗಟ್ಟಿಯಾಗಿತ್ತು. ಕಣ್ಣು ಮುಚ್ಚಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ಮತ್ತೊಮ್ಮೆ ಆಡಿಸಿದೆ. ಗೀರುಗಳೆಲ್ಲ ತುಂಬಿಹೋಗಿದ್ದವು. ಬೆಂಗಳೂರು ಎಲ್ಲಿ, ಭದ್ರಾವತಿ ಎಲ್ಲಿ, ಒಂದೂ ಸಿಗಲಿಲ್ಲ.